ಹಾಲಿನ ಬಾಟಲಿ, ಐಸ್‌ಕ್ರೀಮ್ ಗಾಡಿ ಮತ್ತು ಡಾ. ಜ್ಯಾನೆಟ್ ವಾನ್

ಬ್ಲಡ್ ಬ್ಯಾಂಕ್ ಇತಿಹಾಸ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಜ್ಯಾನೆಟ್ ವಾನ್. 1899ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದವರು. ಈ ಹುಡುಗಿಯನ್ನು ಓದಿಸುವುದೇ ದಂಡ ಎಂಬುದು ಅವರ ಮುಖ್ಯೋಪಾಧ್ಯಾಯಿನಿಯ ತೀರ್ಮಾನವಾಗಿತ್ತಂತೆ! ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾದರು.

ಡಾಕ್ಟರಾದ ಮೇಲೆ ಲಂಡನ್ನಿನ ಬಡವರಲ್ಲಿ ಕಂಡ ರಕ್ತಹೀನತೆ ಅವರನ್ನು ಕಾಡಿತು. ಆಗ ಕೊಲ್ಲುವ ಕಾಯಿಲೆಯಾಗಿದ್ದ ಒಂದು ಬಗೆಯ ರಕ್ತಹೀನತೆಗೆ ಪಿತ್ತಜನಕಾಂಗದ ಸಾರ ಮದ್ದೆಂದು ಓದಿ, ಲೇಖಕಿ ವರ್ಜೀನಿಯಾ ವುಲ್ಫ್ ಮುಂತಾದ ಗೆಳತಿಯರಿಂದ ಮಾಂಸ ಅರೆಯುವ ಯಂತ್ರಗಳನ್ನು ಕಡ ತಂದು ಮನೆಯಲ್ಲೇ ತಯಾರಿಸಿದರು. ಮೊದಲು ನಾಯಿಗೆ ಕೊಟ್ಟು ನೋಡು ಎಂದರು ಪ್ರೊಫೆಸರ್. ನಾಯಿ ಹುಷಾರು ತಪ್ಪಿತು. ಜ್ಯಾನೆಟ್ ತಾವೇ ತಿಂದು, ಮಾರನೇ ದಿನ ಆರೋಗ್ಯವಾಗಿ ಬಂದು ನಿಂತರು. ರೋಗಿ ಗುಣವಾದ.

ಆ ಕಾಲದಲ್ಲಿ ರಕ್ತ ಬೇಕಾದರೆ ದಾನಿಯನ್ನೇ ಕರೆಸಬೇಕಿತ್ತು. ಸಿಟ್ರೇಟ್ ಬೆರೆಸಿದರೆ ರಕ್ತ ಹೆಪ್ಪುಗಟ್ಟದು, ತಣ್ಣಗಿಟ್ಟರೆ ಕೆಲವು ದಿನ ಉಳಿಯುತ್ತದೆ ಎಂಬುದು ಮೊದಲ ಮಹಾಯುದ್ಧದ ಹೊತ್ತಿಗೇ ಗೊತ್ತಿತ್ತು. ಸ್ಪೇನ್ ಅಂತರ್ಯುದ್ಧದಲ್ಲಿ ಬಾರ್ಸಿಲೋನಾದ ಡಾ. ಡುರಾನ್ ಜೋರ್ಡಾ ಹೀಗೆ ರಕ್ತ ಕೂಡಿಟ್ಟು ರಣರಂಗಕ್ಕೆ ಕಳಿಸುತ್ತಿದ್ದರು. ಲಂಡನ್ ಮೇಲೂ ಬಾಂಬ್ ಬಿದ್ದರೆ? 1939ರ ವಸಂತದಲ್ಲಿ ಜ್ಯಾನೆಟ್ ತಮ್ಮ ಮನೆಯಲ್ಲೇ ಡಾಕ್ಟರುಗಳನ್ನು ಸೇರಿಸಿ ಯೋಜನೆ ಬರೆದರು. ಸರ್ಕಾರ ಒಪ್ಪಿತು. ಲಂಡನ್ ಸುತ್ತ ಸ್ಲೌ, ಲ್ಯೂಟನ್, ಸಟನ್, ಮೇಡ್‌ಸ್ಟನ್ ಎಂಬ ನಾಲ್ಕು ಊರುಗಳಲ್ಲಿ ನಾಲ್ಕು ಡಿಪೋ. ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂದು ನಾವು ಸರ್ವರ್‌ಗಳಿಗೆ ಹಾಕಿಕೊಳ್ಳುವ ನಿಯಮವೇ ಇದು.

ಸ್ಲೌ ಡಿಪೋ ಜ್ಯಾನೆಟ್ ಕೈಯಲ್ಲಿ. ಜಾಗ, ಕಾರ್ಖಾನೆ ಕೆಲಸಗಾರರ ಮನರಂಜನಾ ಕೇಂದ್ರ. ರಕ್ತಕ್ಕೆ, ನಡು ಸಣ್ಣಗೆ ಮಾಡಿಸಿದ ಹಾಲಿನ ಬಾಟಲಿ. ಸಾಗಿಸಲು ಐಸ್‌ಕ್ರೀಮ್ ಗಾಡಿ; ತಂಪು ಹೇಗೂ ಇತ್ತಲ್ಲ! ಗೃಹಿಣಿಯರು, ಕೆಲಸಗಾರರು ಸಾಲಾಗಿ ಬಂದು ರಕ್ತ ಕೊಟ್ಟರು. ಬಾಂಬ್ ಬೀಳುವ ರಾತ್ರಿಗಳಲ್ಲಿ ಗಾಡಿ ಓಡಿಸಿದವರಲ್ಲಿ ಹೆಂಗಸರೂ ಇದ್ದರು. ಜ್ಯಾನೆಟ್‌ಗೆ ಮನೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು.

ಯುದ್ಧ ಮುಗಿಯುವಾಗ ಬೆಲ್ಸೆನ್ ಯಾತನಾಶಿಬಿರದ ಹಸಿದವರ ಚಿಕಿತ್ಸೆಗೂ ಹೋದರು. ಅದೇ 1945ರಲ್ಲಿ, ಎರಡು ಸಲ ಬೇಡವೆಂದಿದ್ದ ಸಾಮರ್ವಿಲ್ ಕಾಲೇಜಿಗೇ ಪ್ರಾಂಶುಪಾಲೆಯಾದರು. ಮಾರ್ಗರೆಟ್ ಥ್ಯಾಚರ್ ಆಗ ಅಲ್ಲಿ ಕೆಮಿಸ್ಟ್ರಿ ವಿದ್ಯಾರ್ಥಿನಿ. 1967ರವರೆಗೆ ಆ ಕುರ್ಚಿಯಲ್ಲಿದ್ದ ಜ್ಯಾನೆಟ್, 79ನೇ ವಯಸ್ಸಿನಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1993ರ ಜನವರಿಯಲ್ಲಿ ತೀರಿಕೊಂಡರು.