ಕಿರು ಅಲೆಗಳ ರಾಜೇಶ್ವರಿ

ಮಕ್ಕಳೇ, ಯಶವಂತಪುರದ ಬಳಿ ಟಾಟಾ ಇನ್‌ಸ್ಟಿಟ್ಯೂಟ್ ಇರುವುದು ನಿಮಗೆ ಗೊತ್ತೇ? ಭಾರತೀಯ ವಿಜ್ಞಾನ ಮಂದಿರವೆಂಬುದು ಅದರ ಹೆಸರು. 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿಯವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಇಲ್ಲಿ ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಬಯಸಿದರು. ಭೌತಶಾಸ್ತ್ರದ ಪದವಿ ಇಲ್ಲವೆಂದು ರಾಮನ್ ಒಪ್ಪಲಿಲ್ಲ. ರಾಜೇಶ್ವರಿ ಸುಮ್ಮನಾಗಲಿಲ್ಲ; ಅದೇ ಆವರಣದ ವಿದ್ಯುತ್ ವಿಭಾಗ ಸೇರಿದರು! 1947ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ, ಇಲ್ಲಿಯೇ ಅಧ್ಯಾಪಕರಾದರು.

ಅವರ ವಿಷಯ ಮೈಕ್ರೋವೇವ್. ಇವೂ ರೇಡಿಯೋ ಅಲೆಗಳೇ. ಆದರೆ ಆಕಾಶವಾಣಿಯ ಮಧ್ಯಮ ಅಲೆಯ ಉದ್ದ ನೂರಾರು ಮೀಟರ್. ಇವುಗಳದು ಕೆಲವೇ ಸೆಂಟಿಮೀಟರ್. ಇಷ್ಟು ಕಿರು ಅಲೆಯನ್ನು ಸಾಮಾನ್ಯ ತಂತಿಯಲ್ಲಿ ಸಾಗಿಸಿದರೆ ಬಹುಪಾಲು ಶಕ್ತಿ ಸೋರಿಹೋಗುತ್ತದೆ. ಟೊಳ್ಳಾದ ಲೋಹದ ಕೊಳವೆ ಬೇಕು. ಪ್ಲಾಸ್ಟಿಕ್ಕಿನಂಥ ವಸ್ತುವಿನ ಕಡ್ಡಿಯನ್ನು ಅಪ್ಪಿಕೊಂಡೂ ಅಲೆ ಸಾಗಬಲ್ಲದು! ಇಂಥ ಕಡ್ಡಿಗಳನ್ನೇ ಆಂಟೆನಾ ಮಾಡುವ ಬಗ್ಗೆ ರಾಜೇಶ್ವರಿಯವರು ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಸಂಶೋಧಿಸಿದರು. ರಾಡಾರ್‌ಗೆ ಈ ವಿದ್ಯೆ ಬೇಕೇ ಬೇಕು.

ಆಂಟೆನಾಕ್ಕೆ ಸಿಗುವ ಸಂಕೇತ ತೀರಾ ದುರ್ಬಲ. ಅದನ್ನು ಹಿಗ್ಗಿಸಲು ಆಗ ಮೇಜಿನ ತುಂಬ ಉಪಕರಣ ಬೇಕಿತ್ತು. ಈಗ ಉಗುರಿಗಿಂತ ಚಿಕ್ಕ ಸಿಲಿಕಾನ್ ಚಿಪ್ ಸಾಕು.

20 ಮಂದಿ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ. ಪಡೆದರು. 1982ರಲ್ಲಿ ನಿವೃತ್ತರಾದ ಮೇಲೆ ಅವರು ಮಹಿಳೆಯರಿಗಾಗಿ ದುಡಿದರು. 2010ರಲ್ಲಿ ತೀರಿಕೊಂಡರು.