ಸದಾಶಿವರಾವ ಭಾವು

ಸದಾಶಿವರಾಯನು 1730ರಲ್ಲಿ ಪೇಶ್ವೆಯರ ಮನೆತನದಲ್ಲಿ ಜನಿಸಿದನು. ಶೈಶವದಲ್ಲಿಯೇ ತಾಯಿಯನ್ನೂ, 1740ರಲ್ಲಿ ತಂದೆಯಾದ ಚಿಮಾಜಿ ಅಪ್ಪನನ್ನೂ ಕಳೆದುಕೊಂಡ ಈ ಬಾಲಕನನ್ನು ಅಜ್ಜಿ ರಾಧಾಬಾಯಿಯು ಸಾಕಿದಳು. 1760ರಲ್ಲಿ ಬೀದರಿಗೆ ಸಮೀಪವಾದ ಉದಗೀರಿನಲ್ಲಿ ನಿಜಾಮನನ್ನು ಸೋಲಿಸಿ, ನಮ್ಮ ನೆರೆಯ ವಿಜಾಪುರವನ್ನೂ ಮರಾಠರಿಗೆ ದೊರಕಿಸಿದನು. ಈ ಜಯದ ಕೀರ್ತಿಯೇ ಅವನನ್ನು ಉತ್ತರದ ದಂಡಯಾತ್ರೆಗೆ ನಾಯಕನನ್ನಾಗಿ ಮಾಡಿತು.

ಪಾಣಿಪತದಲ್ಲಿ ಆಫಘಾನರ ದೊರೆ ಅಹಮದಶಹ ಅಬ್ದಾಲಿಯು ಧಾನ್ಯದ ದಾರಿಗಳನ್ನು ಕಟ್ಟಲು ಮರಾಠರ ಸೇನೆಯು ಹಸಿವಿನಿಂದ ಕಂಗೆಟ್ಟಿತು. 1761ನೆಯ ಜನವರಿ 14ರಂದು ಯುದ್ಧವಾಯಿತು. ಪೇಶ್ವೆಯ ಮಗ ವಿಶ್ವಾಸರಾಯನು ಗುಂಡಿಗೆ ಬಲಿಯಾದುದನ್ನು ಕಂಡು, ಭಾವುವು ಶೋಕಾತುರನಾಗಿ ಆನೆಯಿಂದಿಳಿದು, ಕುದುರೆಯೇರಿ ಶತ್ರುಗಳ ನಡುವೆ ನುಗ್ಗಿದನು. ಬರಿದಾದ ಅಂಬಾರಿಯನ್ನು ನೋಡಿದ ಸೈನ್ಯವು ಚದುರಿತು, ಅವನು ಹಿಂದಿರುಗಲಿಲ್ಲ.

ಶಿಬಿರದಿಂದ ಪಾರಾಗಿ ಬಂದ ಪತ್ನಿ ಪಾರ್ವತೀಬಾಯಿಯು ಪತಿಯ ಮರಣವನ್ನು ನಂಬದೆಯೇ 1783ರಲ್ಲಿ ತೀರಿಕೊಂಡಳು. ಶೌರ್ಯವು ಒಬ್ಬನದಾದರೂ, ನಾಯಕನು ತನ್ನ ಸ್ಥಾನವನ್ನು ಬಿಟ್ಟುದರ ಫಲವನ್ನು ಸಹಸ್ರಾರು ಮನೆಗಳು ಅನುಭವಿಸಿದವು.