ಬೀಗ ಹಾಕಿದ ಬಾಗಿಲು ತೆರೆಸಿದ ಫ್ರಾನ್ಸಿಸ್ ಪರ್ಕಿನ್ಸ್

ಗೋಡೆಯಲ್ಲಿ ನೇತಾಡುವ ಕೆಂಪು ಸಿಲಿಂಡರ್, ಬಾಗಿಲ ಮೇಲೆ ಎಕ್ಸಿಟ್ ಬೋರ್ಡು, ಆಗಾಗ ನಡೆಯುವ ಫೈರ್ ಡ್ರಿಲ್. ಡ್ರಿಲ್ ಅಂದ ಕೂಡಲೇ ಕೆಲಸ ಕೆಟ್ಟಿತು ಎಂದು ಗೊಣಗುವವರೇ ಜಾಸ್ತಿ. ಇಂಥ ಏರ್ಪಾಡುಗಳು ಮಾಲೀಕರ ದಯೆಯಿಂದ ಬಂದದ್ದಲ್ಲ. ಇವುಗಳನ್ನು ಕಾನೂನಾಗಿಸಲು ದುಡಿದವರಲ್ಲಿ ಮುಖ್ಯವಾದ ಹೆಸರು ಅಮೆರಿಕದ ಫ್ರಾನ್ಸಿಸ್ ಪರ್ಕಿನ್ಸ್.

ಆಕೆ ಹುಟ್ಟಿದ್ದು 1880ರ ಏಪ್ರಿಲ್ 10ರಂದು, ಬೋಸ್ಟನ್‌ನಲ್ಲಿ. ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ವಿಜ್ಞಾನ ಓದಿ 1902ರಲ್ಲಿ ಪದವಿ ಪಡೆದರು. ಅಲ್ಲಿನ ಅಧ್ಯಾಪಕಿಯೊಬ್ಬರು ವಿದ್ಯಾರ್ಥಿನಿಯರನ್ನು ಹತ್ತಿರದ ಕಾರ್ಖಾನೆಗಳಿಗೆ ಕಳಿಸಿ ಕೆಲಸಗಾರರ ಸ್ಥಿತಿ ನೋಡಿಸುತ್ತಿದ್ದರು. ಆಗ ಕಂಡದ್ದು ಪರ್ಕಿನ್ಸ್ ಮನಸ್ಸಿನಿಂದ ಮಾಸಲಿಲ್ಲ. ಕೆಲವು ವರ್ಷ ಟೀಚರ್ ಆಗಿದ್ದ ಅವರು 1907ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದರು. ಕೆಲಸ ಹುಡುಕಿಕೊಂಡು ಆ ಊರಿಗೆ ಬರುವ ವಲಸೆ ಹುಡುಗಿಯರನ್ನು ಮೋಸದ ಏಜೆಂಟರಿಂದ ಕಾಪಾಡುವುದು ಅಲ್ಲಿ ಅವರ ಕೆಲಸವಾಗಿತ್ತು. ಆಮೇಲೆ ನ್ಯೂಯಾರ್ಕಿಗೆ ಬಂದು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮುಗಿಸಿ, ಕೆಲಸಗಾರರ ಪರ ಹೋರಾಡುವ ಕನ್ಸ್ಯೂಮರ್ಸ್ ಲೀಗ್ ಸೇರಿದರು.

1911ರ ಮಾರ್ಚ್ 25, ಶನಿವಾರ ಸಂಜೆ. ಪರ್ಕಿನ್ಸ್ ವಾಷಿಂಗ್ಟನ್ ಸ್ಕ್ವೇರ್ ಬಳಿ ಗೆಳತಿಯ ಮನೆಗೆ ಚಹಾಕ್ಕೆ ಹೋಗಿದ್ದರು. ಬೆಂಕಿ ಬಿದ್ದ ಗಲಾಟೆ ಕೇಳಿ ಓಡಿ ಹೊರಬಂದರು. ಹತ್ತು ಅಂತಸ್ತಿನ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಬ್ಲೌಸ್ ಹೊಲಿಯುವ ಕಂಪನಿ ಇತ್ತು. ಎಂಟನೇ ಮಹಡಿಯಲ್ಲಿ ಕಟಿಂಗ್ ಮೇಜಿನ ಕೆಳಗಿದ್ದ ಬಟ್ಟೆ ಚೂರುಗಳಿಗೆ ಹೊತ್ತಿದ ಕಿಡಿ ಕ್ಷಣದಲ್ಲಿ ಹಬ್ಬಿತು. ಬಕೆಟ್ ನೀರು ಸಾಲಲಿಲ್ಲ, ಪೈಪಿನಲ್ಲಿ ನೀರೇ ಬರಲಿಲ್ಲ. ಹತ್ತನೇ ಮಹಡಿಗೆ ಫೋನು ಹೋಯಿತು. ಒಂಬತ್ತನೆಯವರಿಗೆ ಬೆಂಕಿ ಹತ್ತಿರ ಬರುವವರೆಗೂ ಗೊತ್ತಾಗಲೇ ಇಲ್ಲ. ಅಲ್ಲಿನ ಒಂದು ಮೆಟ್ಟಿಲ ಬಾಗಿಲಿಗೆ ಬೀಗ. ಕೆಲಸಗಾರರು ಬಟ್ಟೆ ಕದ್ದು ಒಯ್ಯಬಾರದು, ಎಲ್ಲರೂ ಒಂದೇ ಬಾಗಿಲಲ್ಲಿ ಬ್ಯಾಗ್ ತೋರಿಸಿ ಹೋಗಬೇಕು ಅನ್ನುವ ಲೆಕ್ಕಾಚಾರ. ಹೊರಗಿನ ಕಬ್ಬಿಣದ ಏಣಿ ಭಾರಕ್ಕೆ ಮುರಿದು ಬಿತ್ತು. ಅಗ್ನಿಶಾಮಕ ದಳದ ಏಣಿ ಆರನೇ ಮಹಡಿಯವರೆಗೆ ಮಾತ್ರ ಮುಟ್ಟಿತು. ಕಿಟಕಿಯಿಂದ ಹುಡುಗಿಯರು ಕೆಳಗೆ ಹಾರುವುದನ್ನು ಪರ್ಕಿನ್ಸ್ ಕಣ್ಣಾರೆ ಕಂಡರು.

ಸತ್ತವರು 146 ಮಂದಿ. ಹೆಚ್ಚಿನವರು ಇಟಲಿಯಿಂದ, ಪೂರ್ವ ಯೂರೋಪಿನಿಂದ ಹೊಟ್ಟೆಪಾಡಿಗೆ ಬಂದ ಕುಟುಂಬಗಳ ಹೆಣ್ಣುಮಕ್ಕಳು. ಮಾಲೀಕರಿಬ್ಬರೂ ಛಾವಣಿ ಹತ್ತಿ ಪಾರಾದರು. ವರ್ಷದ ಕೊನೆಗೆ ಕೋರ್ಟಿನಲ್ಲೂ ಖುಲಾಸೆಯಾದರು. 1914ರಲ್ಲಿ ಕೆಲವು ಕುಟುಂಬಗಳಿಗೆ ಸಿಕ್ಕ ಪರಿಹಾರ, ಒಂದು ಜೀವಕ್ಕೆ ಸರಾಸರಿ 75 ಡಾಲರ್.

ಪರ್ಕಿನ್ಸ್ ಅತ್ತು ಸುಮ್ಮನಾಗಲಿಲ್ಲ. ಬೆಂಕಿಯ ನಂತರ ಹುಟ್ಟಿದ ಸುರಕ್ಷತಾ ಸಮಿತಿಯ ಕಾರ್ಯದರ್ಶಿಯಾದರು. ರಾಜ್ಯ ಸರ್ಕಾರ ನೇಮಿಸಿದ ಕಾರ್ಖಾನೆ ತನಿಖಾ ಆಯೋಗದ ಜತೆ ಊರೂರು ತಿರುಗಿದರು. ರಿಪೋರ್ಟು ಓದಿದರೆ ಸಾಲದು, ಕಣ್ಣಿಂದ ನೋಡಬೇಕು ಅನ್ನುವುದು ಅವರ ಪದ್ಧತಿ. ಒಂದು ಕಾರ್ಖಾನೆಯಲ್ಲಿ ಗೋಡೆಯ ಸಣ್ಣ ಕಿಂಡಿ, ಅದರಾಚೆ ಹಿಮಗಟ್ಟಿದ ಏಣಿ; ಅದನ್ನೇ ತುರ್ತು ದಾರಿ ಅಂತ ತೋರಿಸಿದ್ದರು. ಆಯೋಗದ ಅಧ್ಯಕ್ಷ ರಾಬರ್ಟ್ ವ್ಯಾಗ್ನರ್ ಅವರನ್ನೇ ಆ ಕಿಂಡಿಯಲ್ಲಿ ತೆವಳಿಸಿ ದಾಟಿಸಿದರು ಪರ್ಕಿನ್ಸ್! ಮುಂದಿನ ವರ್ಷಗಳಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನುಗಳು ಸಾಲಾಗಿ ಬಂದವು. ಕೆಲಸದ ಹೊತ್ತಲ್ಲಿ ಬಾಗಿಲಿಗೆ ಬೀಗ ಹಾಕುವಂತಿಲ್ಲ, ಫೈರ್ ಡ್ರಿಲ್ ನಡೆಸಬೇಕು, ಎತ್ತರದ ಕಾರ್ಖಾನೆಗಳಲ್ಲಿ ಸ್ಪ್ರಿಂಕ್ಲರ್ ಇರಬೇಕು.

ಮನೆಯ ಪಾಡೂ ಸುಲಭ ಇರಲಿಲ್ಲ. ಗಂಡನಿಗೆ ಮಾನಸಿಕ ಕಾಯಿಲೆ, ಬೆಳೆಯುವ ಮಗಳು. ಸಂಸಾರ ನಡೆದದ್ದು ಆಕೆಯ ಸಂಬಳದಲ್ಲಿ. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರನ್ನು ಕಾರ್ಮಿಕ ಮಂತ್ರಿ ಮಾಡಿದರು. ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆ ಅವರೇ. 12 ವರ್ಷ ಆ ಹುದ್ದೆಯಲ್ಲಿದ್ದು, 1935ರ ಸೋಶಿಯಲ್ ಸೆಕ್ಯುರಿಟಿ ಕಾಯ್ದೆಗೂ 1938ರ ಕನಿಷ್ಠ ಕೂಲಿ ಕಾಯ್ದೆಗೂ ದುಡಿದರು. ಕೊನೆಗಾಲದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅವರು 1965ರ ಮೇ 14ರಂದು ತೀರಿಕೊಂಡರು.

ಟ್ರಯಾಂಗಲ್‌ನಲ್ಲಿ ಹೊತ್ತಿದ್ದು ಬಟ್ಟೆ. ಅದಕ್ಕೆ ನೀರು ಸರಿ, ಆದರೆ ಸಾಲಲಿಲ್ಲ. ಇವತ್ತಿನ ಕ್ಯಾಂಪು, ವರ್ಕ್‌ಶಾಪುಗಳಲ್ಲಿ ಬೆಂಕಿಗೆ ಬೇರೆ ಕಾರಣಗಳೂ ಇವೆ. ಬಟ್ಟೆ, ಕಾಗದ, ಮರಕ್ಕೆ ನೀರಿನ ಸಿಲಿಂಡರ್ ಆದೀತು. ಪೆಟ್ರೋಲ್, ಡೀಸೆಲ್‌ಗೆ ಫೋಮ್ ಇಲ್ಲವೇ ಪೌಡರ್. ಕರೆಂಟಿನ ಬೆಂಕಿಗೆ ಕಾರ್ಬನ್ ಡೈಆಕ್ಸೈಡ್ ಇಲ್ಲವೇ ಪೌಡರ್. ನೀರು ಹಾಕಿದರೆ ಶಾಕ್ ಹೊಡೆದೀತು. ಅಡುಗೆ ಎಣ್ಣೆ ಹೊತ್ತಿದರೆ ವೆಟ್ ಕೆಮಿಕಲ್. ಅದಕ್ಕೂ ನೀರು ಬೇಡವೇ ಬೇಡ, ಎಣ್ಣೆ ಸಿಡಿದು ಉರಿ ಮೇಲೇಳುತ್ತದೆ. ಸಿಲಿಂಡರ್ ಮೇಲಿನ ಲೇಬಲ್ ಓದಿಟ್ಟುಕೊಳ್ಳಿ, ಗೇಜಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಗೇಜ್ ಇಲ್ಲದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಾದರೆ ಸರ್ವಿಸ್ ಆದ ದಿನಾಂಕ ನೋಡಿ. ಯಾವ ಸಿಲಿಂಡರ್ ಆದರೂ ಸಣ್ಣ ಬೆಂಕಿಗೆ ಮಾತ್ರ. ದೊಡ್ಡದಾದರೆ ಎಲ್ಲರನ್ನೂ ಕೂಗಿ ಕರೆದು ಹೊರಗೆ ಓಡುವುದೇ ಸರಿ. ಅದಕ್ಕೆ ಬಾಗಿಲು ತೆರೆದಿರಬೇಕು. ನಿಮ್ಮ ರೂಮಿನ, ಕೆಲಸದ ಜಾಗದ ಎರಡನೇ ಬಾಗಿಲಿಗೆ ಬೀಗ ಇದ್ದರೆ, ಎದುರಿಗೆ ಸಾಮಾನು ಪೇರಿಸಿದ್ದರೆ, ಇವತ್ತೇ ಸೇಫ್ಟಿ ಆಫೀಸರ್ ಅಥವಾ ಕ್ಯಾಂಪ್ ಬಾಸ್‌ಗೆ ಹೇಳಿ.